ತಾಳ ತಪ್ಪಿದ ಹೃದಯಕ್ಕೆ ತಣ್ಣನೆಯ ಬಲೂನು



ವಿಷಯಕ್ಕೆ ಬರುವ ಮುನ್ನ ಒಂದು ಸಣ್ಣ ಕೆಲಸ. ನಿಮ್ಮ ಎಡಗೈಯನ್ನು ಅಂಗಾತ ಇಟ್ಟುಕೊಳ್ಳಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಬಲಗೈಯ ಮೂರು ಬೆರಳುಗಳನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ನಾಡಿ ಸಿಕ್ಕಿತೇ? ಅರ್ಧ ನಿಮಿಷ ಹಾಗೆಯೇ ಇರಿ. ಬಹುಪಾಲು ಜನರಿಗೆ ಅದು ಗೋಡೆ ಗಡಿಯಾರದ ಹಾಗೆ ಸಮನಾಗಿ ಬಡಿಯುತ್ತಿರುತ್ತದೆ. ಎಲ್ಲೋ ಒಂದು ಬಡಿತ ತಪ್ಪಿ ಮತ್ತೆ ಸರಿಹೋದರೆ ಗಾಬರಿ ಬೇಡ, ಅದು ಅನೇಕರಲ್ಲಿ ಇರುತ್ತದೆ. ಆದರೆ ಯಾವ ಲೆಕ್ಕಕ್ಕೂ ಸಿಗದಂತೆ, ಒಂದು ಬೇಗ, ಒಂದು ತಡ, ಒಂದು ಜೋರು, ಇನ್ನೊಂದು ಇದೆಯೋ ಇಲ್ಲವೋ ಎಂಬಂತೆ ನಾಡಿ ಬಡಿಯುತ್ತಿದ್ದರೆ ಈ ವಾರದಲ್ಲೇ ಹತ್ತಿರದ ವೈದ್ಯರಲ್ಲಿಗೆ ಹೋಗಿ ಒಂದು ಇ.ಸಿ.ಜಿ. ತೆಗೆಸಿಕೊಳ್ಳಿ. ನಾನು ಈ ದಿನ ಹೇಳಹೊರಟಿರುವ ಕಾಯಿಲೆ ಅದೇ ಇರಬಹುದು. ಅದರ ಹೆಸರು ಏಟ್ರಿಯಲ್ ಫಿಬ್ರಿಲೇಶನ್. ಹೃತ್ಕರ್ಣದ ಕಂಪನ ಎಂದು ಕರೆಯಬಹುದು. ನಾವು ವೈದ್ಯರು ಚಿಕ್ಕದಾಗಿ ಎ.ಎಫ್. ಎನ್ನುತ್ತೇವೆ.

ಹೃದಯದಲ್ಲಿ ನಾಲ್ಕು ಕೋಣೆಗಳಿವೆಯೆಂದು ಶಾಲೆಯಲ್ಲಿ ಓದಿದ್ದೀರಿ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದಲ್ಲಿರುವ ಒಂದು ಪುಟ್ಟ ಕೇಂದ್ರದಿಂದ ಹೊರಟ ವಿದ್ಯುತ್ ಸಂಕೇತ ನಿಮಿಷಕ್ಕೆ ಎಪ್ಪತ್ತೋ ಎಂಬತ್ತೋ ಬಾರಿ ಇಡೀ ಹೃದಯವನ್ನು ಒಂದೇ ತಾಳದಲ್ಲಿ ನಡೆಸುತ್ತದೆ. ಎ.ಎಫ್. ಬಂದಾಗ ಈ ಯಜಮಾನಿಕೆ ಹೋಗಿಬಿಡುತ್ತದೆ. ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ರಿಂದ 600ರವರೆಗೆ ಸಂಕೇತಗಳು ಅಡ್ಡಾದಿಡ್ಡಿಯಾಗಿ ಓಡಾಡುತ್ತವೆ. ಕೋಣೆಯ ಗೋಡೆ ಸಂಕೋಚಿಸುವುದನ್ನು ಬಿಟ್ಟು ಬರಿದೇ ಅದುರುತ್ತಿರುತ್ತದೆ. ಅದುರುವ ಕೋಣೆಯಲ್ಲಿ ರಕ್ತ ಸರಾಗವಾಗಿ ಹರಿಯದು. ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಕಿವಿಯಾಕಾರದ ಒಂದು ಚೀಲವಿದೆ, ಅದರ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪಿನ ಚೂರು ಮಿದುಳಿಗೆ ಹೋದರೆ ಲಕ್ವ. ಎ.ಎಫ್. ಇರುವವರಲ್ಲಿ ಲಕ್ವದ ಸಂಭವ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು.

ಹೀಗೆ ಈ ಕಾಯಿಲೆಗೆ ಎರಡು ಮುಖ. ಎದೆ ಡವಗುಟ್ಟುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ತಲೆ ಹಗುರವಾದಂತಾಗುವುದು, ಇದು ಒಂದು ಮುಖ. ಹೆಪ್ಪು ಮತ್ತು ಲಕ್ವ ಇನ್ನೊಂದು ಮುಖ. ಮೊದಲನೆಯದು ರೋಗಿಗೆ ಗೊತ್ತಾಗುತ್ತದೆ, ಎರಡನೆಯದು ಗೊತ್ತಾಗುವುದಿಲ್ಲ. ಇವೆರಡನ್ನೂ ನೀವು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬಂದಿದ್ದರು. ವಯಸ್ಸು 68. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇದ್ದವು. ತಿಂಗಳಿಗೆ ಎರಡು ಮೂರು ಬಾರಿ ಎ.ಎಫ್. ಬಂದು, ಆರೇಳು ಗಂಟೆ ಇದ್ದು, ತಾನಾಗಿ ಹೋಗುತ್ತಿತ್ತು. ತಾಳ ಸರಿಪಡಿಸುವ ಒಂದು ಮಾತ್ರೆ ಹಿಡಿಸಲಿಲ್ಲ. ಅಮಿಯೋಡರೋನ್ ಎಂಬ ಇನ್ನೊಂದು ಮಾತ್ರೆ ಹಿಡಿಸಿತು, ಆದರೆ ಥೈರಾಯ್ಡ್ ಗ್ರಂಥಿಯನ್ನು ಕೆಡಿಸಿತು. ಆ ಮಾತ್ರೆಗೆ ಆ ದೋಷ ಉಂಟು. ವಿದೇಶದಲ್ಲಿರುವ ಮಗ ಫೋನಿನಲ್ಲಿ ತಣ್ಣನೆಯ ಬಲೂನಿನ ಚಿಕಿತ್ಸೆಯ ವಿಷಯ ಹೇಳಿದ್ದ. ಮೇಷ್ಟ್ರು ಎರಡು ಪುಟ ಪ್ರಶ್ನೆ ಬರೆದುಕೊಂಡು ಬಂದಿದ್ದರು. ಪಕ್ಕದಲ್ಲಿ ಅವರ ಶ್ರೀಮತಿಯವರು ಕುಳಿತಿದ್ದರು.

"ಡಾಕ್ಟ್ರೇ, ಮಿಕ್ಕಿದ್ದೆಲ್ಲ ಆಮೇಲೆ. ಇದನ್ನು ಮಾಡಿಸಿಬಿಟ್ಟರೆ ಆ ರಕ್ತ ತೆಳು ಮಾಡುವ ಮಾತ್ರೆಯಿಂದ ನನಗೆ ಬಿಡುಗಡೆ ಸಿಗುತ್ತದಲ್ಲವೇ?" ಎಂದು ಅವರು ಕೇಳಿದರು.

"ಅದನ್ನು ಆಮೇಲೆ ನೋಡೋಣ, ಮೇಷ್ಟ್ರೇ" ಎಂದೆ. ಅದು ಸರಿಯಾದ ಉತ್ತರವಾಗಿರಲಿಲ್ಲ.

ಅಲ್ಲಿಗೆ ಮತ್ತೆ ಬರುತ್ತೇನೆ. ಮೊದಲು ಈ ಬಲೂನು ಎಂದರೇನು, ಅದು ಹೋಗುವುದೆಲ್ಲಿಗೆ ಎಂಬುದನ್ನು ಹೇಳಬೇಕು. ನಮ್ಮ ಜನರಲ್ಲಿ ಬಲೂನಿನ ವಿಷಯದಲ್ಲಿ ಬಹಳ ಗೊಂದಲವಿದೆ. "ನಮ್ಮ ಅತ್ತೆಗೂ ಬಲೂನ್ ಹಾಕಿಸಿದ್ದೇವೆ" ಎಂದು ಬರುತ್ತಾರೆ. ವಿಚಾರಿಸಿದರೆ ಅದು ಬೇರೆಯೇ ಆಗಿರುತ್ತದೆ. ಹೃದಯಾಘಾತವಾದಾಗ ಮುಚ್ಚಿಹೋದ ರಕ್ತನಾಳವನ್ನು ತೆರೆದು ಸ್ಟೆಂಟ್ ಕೂರಿಸಲು ಬಳಸುವುದು ಒಂದು ಬಲೂನು. ಬಾಲ್ಯದ ರೂಮ್ಯಾಟಿಕ್ ಜ್ವರದಿಂದ ಕಿರಿದಾದ ಹೃದಯ ಕವಾಟವನ್ನು ಹಿಗ್ಗಿಸುವುದು ಎರಡನೆಯದು. ಜಪಾನಿನ ಕಾಂಜಿ ಇನೋಯೆ 1984ರಲ್ಲಿ ಅದರ ವರದಿ ಪ್ರಕಟಿಸಿದರು. ಎದೆ ಸೀಳದೆ ಕವಾಟ ತೆರೆಯುವ ಆ ವಿಧಾನ ನಮ್ಮ ದೇಶದ ಎಷ್ಟೋ ಬಡ ಹೆಣ್ಣುಮಕ್ಕಳನ್ನು ಉಳಿಸಿದೆ. ಇವೆರಡೂ ಹಿಗ್ಗಿಸುವ ಬಲೂನುಗಳು. ನಾನು ಈಗ ಹೇಳುತ್ತಿರುವುದು ಯಾವುದನ್ನೂ ಹಿಗ್ಗಿಸುವುದಿಲ್ಲ. ಅದು ಶೀತದಿಂದ ಸುಡುತ್ತದೆ.

ಎಲ್ಲಿ ಸುಡಬೇಕು ಎಂಬುದು 1998ರವರೆಗೆ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಆ ವರ್ಷ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು, ಪದೇ ಪದೇ ಎ.ಎಫ್. ಬರುತ್ತಿದ್ದ 45 ರೋಗಿಗಳ ಹೃದಯದೊಳಗೆ ತಂತಿಗಳನ್ನು ಇಳಿಸಿ, ಕಿಡಿ ಹೊತ್ತಿಕೊಳ್ಳುವುದು ಎಲ್ಲಿ ಎಂದು ಹುಡುಕಿದರು. ಸಿಕ್ಕ 69 ಕಿಡಿಗಳಲ್ಲಿ 65 ಇದ್ದದ್ದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಶುದ್ಧ ರಕ್ತವನ್ನು ತರುವ ನಾಳಗಳ ಒಳಗೆ! ಅಂಥ ನಾಳಗಳು ಸಾಮಾನ್ಯವಾಗಿ ನಾಲ್ಕು. ಅವುಗಳ ಬಾಯಿಯ ಸುತ್ತ ಹೃದಯದ ಸ್ನಾಯು ಸ್ವಲ್ಪ ದೂರ ಒಳಕ್ಕೂ ಹಬ್ಬಿರುತ್ತದೆ. ತಂಟೆ ಹುಟ್ಟುವುದು ಅಲ್ಲಿ. ಹಾಗಾದರೆ ನಾಳದ ಬಾಯಿಯ ಸುತ್ತ ಬೇಲಿ ಹಾಕಿದಂತೆ ವಿದ್ಯುತ್ ದಾಟದ ಒಂದು ಬಳೆಯನ್ನು ಮಾಡಿದರೆ ಹೇಗೆ? ಕಿಡಿ ಒಳಗೆ ಹಾರಿದರೂ ಹೊರಗೆ ಬರಲಾರದು. ಇವತ್ತಿನ ಎ.ಎಫ್. ಅಬ್ಲೇಶನ್ ಚಿಕಿತ್ಸೆಯ ಬುನಾದಿ ಈ ಒಂದು ಯೋಚನೆ.

ಬೇಲಿ ಹಾಕುವ ಹಳೆಯ ವಿಧಾನ ಶಾಖದ್ದು. ರೇಡಿಯೋ ತರಂಗದಿಂದ ಬಿಸಿಯಾಗುವ ತಂತಿಯ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಸುಡುತ್ತಾ ಬಳೆ ಪೂರೈಸಬೇಕು. ನಮ್ಮ ಹೆಣ್ಣುಮಕ್ಕಳು ಚುಕ್ಕಿ ರಂಗೋಲಿ ಇಡುವ ಹಾಗೆ. ಒಂದೆರಡು ಚುಕ್ಕಿಗಳ ನಡುವೆ ಸಂದು ಉಳಿದರೆ ಕಿಡಿ ಅಲ್ಲಿಂದ ನುಸುಳುತ್ತದೆ. ತಣ್ಣನೆಯ ಬಲೂನಾದರೋ ಇಡೀ ಬಳೆಯನ್ನು ಒಂದೇ ಸಲಕ್ಕೆ ಮುದ್ರೆಯೊತ್ತಿದಂತೆ ಮಾಡುತ್ತದೆ. ಇದೇ ಕ್ರಯೋಅಬ್ಲೇಶನ್. ಅಮೆರಿಕದಲ್ಲಿ ಈ ಬಲೂನಿಗೆ ಸರ್ಕಾರದ ಅನುಮತಿ ದೊರೆತದ್ದು 2010ರ ಡಿಸೆಂಬರಿನಲ್ಲಿ.

ಚಿಕಿತ್ಸೆ ನಡೆಯುವ ಬಗೆ ಹೀಗೆ. ರೋಗಿಗೆ ಮಂಪರು ಅಥವಾ ಪೂರ್ಣ ಅರಿವಳಿಕೆ ಕೊಡುತ್ತಾರೆ. ತೊಡೆಸಂದಿಯ ಅಭಿಧಮನಿಯಲ್ಲಿ ಸೂಜಿ ಚುಚ್ಚಿ ಕ್ಯಾಥಿಟರ್ ಎಂಬ ತೆಳ್ಳನೆಯ ಕೊಳವೆಯನ್ನು ಬಲ ಹೃತ್ಕರ್ಣಕ್ಕೆ ಏರಿಸುತ್ತಾರೆ. ಎರಡು ಹೃತ್ಕರ್ಣಗಳ ನಡುವಿನ ತೆಳು ಗೋಡೆಯನ್ನು ಸೂಜಿಯಿಂದ ದಾಟಿ ಎಡಕ್ಕೆ ಹೋಗುತ್ತಾರೆ. ಅಲ್ಲಿ 28 ಮಿಲಿಮೀಟರ್ ವ್ಯಾಸದ ಬಲೂನನ್ನು ಉಬ್ಬಿಸಿ ನಾಳದ ಬಾಯಿಗೆ ಬಿರಡೆಯಂತೆ ಒತ್ತಿ ಹಿಡಿಯುತ್ತಾರೆ. ಬಣ್ಣದ ದ್ರಾವಣ ಬಿಟ್ಟು, ಎಕ್ಸ್-ರೇ ಪರದೆಯಲ್ಲಿ ಅದು ಎಲ್ಲಿಯೂ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಬಲೂನಿನೊಳಗೆ ನೈಟ್ರಸ್ ಆಕ್ಸೈಡ್ ಬಿಡುತ್ತಾರೆ. ಹಲ್ಲು ಕೀಳುವಾಗ ಕೆಲವೆಡೆ ಮೂಸಿಸುವ ನಗೆ ಅನಿಲ ಇದೇ. ಒತ್ತಡದಲ್ಲಿದ್ದ ಅನಿಲ ತಟ್ಟನೆ ಹಿಗ್ಗಿದಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಅಡುಗೆ ಅನಿಲ ರಭಸವಾಗಿ ಸೋರುವ ಜಾಗ ಮುಟ್ಟಲಾಗದಷ್ಟು ತಣ್ಣಗಿರುವುದನ್ನು ನೀವು ಕಂಡಿರಬಹುದು. ಬಲೂನಿನೊಳಗಿನ ಉಷ್ಣತೆ ಸೊನ್ನೆಗಿಂತ ನಲವತ್ತು ಐವತ್ತು ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಮಕ್ಕಳ ನಾಲಿಗೆಗೆ ಐಸ್ ಕ್ಯಾಂಡಿ ಅಂಟಿಕೊಳ್ಳುವ ಹಾಗೆ ಬಲೂನು ಹೃದಯದ ಗೋಡೆಗೆ ಅಂಟಿಕೊಂಡುಬಿಡುತ್ತದೆ. ಹೃದಯ ಬಡಿಯುತ್ತಿದ್ದರೂ ಅದು ಜಾರುವುದಿಲ್ಲ. ಒಂದು ನಾಳಕ್ಕೆ ಮೂರು ನಾಲ್ಕು ನಿಮಿಷ. ನಾಲ್ಕು ನಾಳಗಳನ್ನೂ ಮುಗಿಸಲು, ಮುಂಚಿನ ಹಿಂದಿನ ಸಿದ್ಧತೆ ಸೇರಿ, ಸುಮಾರು ಎರಡು ಗಂಟೆ.

ಇದರಲ್ಲಿ ನನಗೆ ಬಹಳ ಇಷ್ಟವಾಗುವ ಒಂದು ದೃಶ್ಯವಿದೆ. ಬಲಗಡೆಯ ನಾಳಗಳ ಪಕ್ಕದಲ್ಲೇ, ನಮ್ಮ ಉಸಿರಾಟದ ಪರದೆಯಾದ ವಪೆಯನ್ನು ಆಡಿಸುವ ಒಂದು ನರ ಹಾದುಹೋಗುತ್ತದೆ. ಶೀತ ಅದಕ್ಕೂ ತಾಗಿದರೆ ವಪೆಯ ಬಲಭಾಗ ಸೋತು ಉಸಿರಾಟಕ್ಕೆ ಕಷ್ಟವಾಗಬಹುದು. ಆದುದರಿಂದ ಆ ನರವನ್ನು ವಿದ್ಯುತ್ತಿನಿಂದ ಮಿಡಿಯುತ್ತಾ, ಬಿಕ್ಕಳಿಕೆಯಂಥ ಆ ಮಿಡಿತವನ್ನು ಒಬ್ಬರು ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಗಮನಿಸುತ್ತಿರುತ್ತಾರೆ. ಮಿಡಿತ ಕುಂದಿತೆಂದರೆ "ನಿಲ್ಲಿಸಿ" ಎನ್ನುತ್ತಾರೆ, ಅನಿಲ ನಿಲ್ಲುತ್ತದೆ. ಲಕ್ಷಾಂತರ ರೂಪಾಯಿಯ ಯಂತ್ರಗಳ ಮಧ್ಯೆ ಆ ನರವನ್ನು ಕಾಯುವುದು ಹೀಗೆ ಒಂದು ಅಂಗೈ. ಬೇಗ ನಿಲ್ಲಿಸಿದರೆ ನರ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ.

ಈಗ ಮುಖ್ಯ ಪ್ರಶ್ನೆ. ಇದರಿಂದ ಗುಣವಾಗುತ್ತದೆಯೇ?

ಬಿಸಿ ಮೇಲೋ ತಂಪು ಮೇಲೋ ಎಂಬ ಚರ್ಚೆಯನ್ನು ಬೇಗ ಮುಗಿಸುತ್ತೇನೆ. ಯುರೋಪಿನಲ್ಲಿ 762 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ 'ಫೈರ್ ಅಂಡ್ ಐಸ್' ಅಧ್ಯಯನದಲ್ಲಿ ಎರಡೂ ಸರಿಸಮವೆಂದು ಕಂಡಿತು. ಯಾವ ವೈದ್ಯರಿಗೆ ಯಾವುದರಲ್ಲಿ ಕೈ ಪಳಗಿದೆಯೋ ಅದು ಒಳ್ಳೆಯದು.

ಮಾತ್ರೆಯೊಡನೆ ಹೋಲಿಸಿದರೆ? ಕೆನಡಾದಲ್ಲಿ, ಮೊದಲು ಯಾವ ತಾಳದ ಮಾತ್ರೆಯನ್ನೂ ನಿತ್ಯ ಸೇವಿಸಿರದ 303 ಜನರಲ್ಲಿ ಕೆಲವರಿಗೆ ನೇರವಾಗಿ ಬಲೂನು ಚಿಕಿತ್ಸೆ, ಉಳಿದವರಿಗೆ ಮಾತ್ರೆ ಕೊಟ್ಟು, ಎಲ್ಲರ ಎದೆಯ ಚರ್ಮದಡಿ ಸದಾ ನಿಗಾ ಇಡುವ ಪುಟ್ಟ ಯಂತ್ರ ಇರಿಸಿದರು. ಒಂದು ವರ್ಷದಲ್ಲಿ ಮಾತ್ರೆಯವರಲ್ಲಿ ನೂರಕ್ಕೆ 68 ಮಂದಿಗೆ, ಬಲೂನಿನವರಲ್ಲಿ ನೂರಕ್ಕೆ 43 ಮಂದಿಗೆ ತಾಳ ಮತ್ತೆ ತಪ್ಪಿತು. ಈ ಎರಡನೆಯ ಅಂಕಿಯನ್ನು ಕೇಳಿ ಬೇಸರಪಡಬೇಡಿ. ಯಂತ್ರ ಅರ್ಧ ನಿಮಿಷದ ಏರುಪೇರನ್ನೂ ಲೆಕ್ಕ ಹಾಕುತ್ತದೆ. ರೋಗಿಗೆ ತೊಂದರೆ ಎನ್ನಿಸುವಂಥದ್ದು ಮರುಕಳಿಸಿದ್ದು ಬಲೂನಿನವರಲ್ಲಿ ನೂರಕ್ಕೆ 11, ಮಾತ್ರೆಯವರಲ್ಲಿ 26. ಅದಕ್ಕಿಂತ ಮುಖ್ಯವಾದದ್ದು ಮೂರು ವರ್ಷ ಕಾದ ಮೇಲೆ ಕಂಡದ್ದು. ಬಂದು ಹೋಗುತ್ತಿದ್ದ ಎ.ಎಫ್., ಬಿಡದೆ ನೆಲೆಯೂರುವ ಎ.ಎಫ್. ಆಗಿ ಬೆಳೆದದ್ದು ಮಾತ್ರೆಯವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು, ಬಲೂನಿನವರಲ್ಲಿ ಎರಡರಷ್ಟೂ ಇಲ್ಲ. 2023ರ ಅಮೆರಿಕದ ಮತ್ತು 2024ರ ಯುರೋಪಿನ ಮಾರ್ಗಸೂಚಿಗಳು, ಬಂದು ಹೋಗುವ ಎ.ಎಫ್. ಇರುವ ಸೂಕ್ತ ರೋಗಿಗಳಿಗೆ, ಮಾತ್ರೆ ಸೋಲುವವರೆಗೆ ಕಾಯದೆಯೂ ಅಬ್ಲೇಶನ್ ಮಾಡಬಹುದೆಂದು ಹೇಳಿವೆ.

"ಇದೆಲ್ಲ ಮನಸ್ಸಿನ ಸಮಾಧಾನ ಇರಬಹುದಲ್ಲ ಡಾಕ್ಟ್ರೇ, ಇಷ್ಟು ಖರ್ಚು ಮಾಡಿದ ಮೇಲೆ ಯಾರಿಗಾದರೂ ಗುಣವಾದಂತೆ ಅನ್ನಿಸುತ್ತದೆ" ಎಂದು ನಮ್ಮ ಮೇಷ್ಟ್ರು ಕೆಣಕಿದ್ದರು. ಸರಿಯಾದ ಸಂಶಯವೇ. ಅದಕ್ಕೆ ಉತ್ತರ ದೊರೆತದ್ದು 2024ರಲ್ಲಿ. ಇಂಗ್ಲೆಂಡಿನಲ್ಲಿ 126 ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ನಿಜವಾದ ಬಲೂನು ಚಿಕಿತ್ಸೆ ಮಾಡಿ, ಉಳಿದವರಿಗೆ ಮಾಡಿದಂತೆ ತೋರಿಸಿ, ಯಾರಿಗೆ ಯಾವುದು ಎಂದು ಅವರಿಗೆ ತಿಳಿಸದೆ ಆರು ತಿಂಗಳು ನೋಡಿದರು. ತಾಳ ತಪ್ಪಿರುವ ಒಟ್ಟು ಹೊತ್ತು ನಿಜ ಚಿಕಿತ್ಸೆಯವರಲ್ಲಿ ನೂರಕ್ಕೆ 60ರಷ್ಟು, ತೋರಿಕೆ ಚಿಕಿತ್ಸೆಯವರಲ್ಲಿ 35ರಷ್ಟು ಇಳಿಯಿತು. ಸಮಾಧಾನಕ್ಕೂ ಪಾಲಿದೆ, ಬಲೂನಿಗೂ ಪಾಲಿದೆ ಎಂದಾಯಿತು.

ಆದರೆ ಆಯಸ್ಸು ಹೆಚ್ಚುತ್ತದೆ ಎಂಬ ಭರವಸೆಯಿಂದ ಇದಕ್ಕೆ ಒಪ್ಪಬೇಡಿ. 2,204 ರೋಗಿಗಳ 'ಕಬಾನಾ' ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2019ರಲ್ಲಿ ಬಂದಾಗ, ಸಾವು, ಲಕ್ವ ಮೊದಲಾದವುಗಳಲ್ಲಿ ಅಬ್ಲೇಶನ್‌ಗೂ ಔಷಧಿಗೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಹೃದಯದ ಪಂಪಿನ ಶಕ್ತಿ ಕುಂದಿರುವವರದು ಬೇರೆ ಮಾತು, ಅವರಲ್ಲಿ ಹೆಚ್ಚಿನ ಲಾಭ ಕಂಡಿದೆ. ಮಿಕ್ಕವರು ಇದನ್ನು ಮಾಡಿಸಿಕೊಳ್ಳುವುದು ನೆಮ್ಮದಿಯ ಉಸಿರಿಗಾಗಿ, ಕಾಯಿಲೆ ಬಲಿಯದಿರಲೆಂದು.

ಯಾರಿಗೆ ಒಗ್ಗುತ್ತದೆ? ಎ.ಎಫ್. ಬಂದು ಹೋಗುತ್ತಿರುವವರಿಗೆ, ಹೃತ್ಕರ್ಣ ಇನ್ನೂ ಹೆಚ್ಚು ಹಿಗ್ಗದಿರುವವರಿಗೆ, ತೊಂದರೆ ನಿಜವಾಗಿ ಅನುಭವಿಸುತ್ತಿರುವವರಿಗೆ. ವರ್ಷಗಟ್ಟಲೆ ಬಿಡದೆ ಎ.ಎಫ್. ಇದ್ದು ಕೋಣೆ ದೊಡ್ಡದಾಗಿದ್ದರೆ ಫಲ ಕಡಿಮೆ. ಇನ್ನು ನಮ್ಮ ನಾಡಿನಲ್ಲಿ ಪ್ರತ್ಯೇಕವಾಗಿ ಹೇಳಬೇಕಾದವರು ರೂಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾಗಿ, ಅದರಿಂದಾಗಿ ಎ.ಎಫ್. ಬಂದವರು. ಮೂವತ್ತು ನಲವತ್ತರ ವಯಸ್ಸಿನ, ಹೊಲದ ಕೆಲಸ ಮಾಡುವ ತಾಯಂದಿರು ಇವರಲ್ಲಿ ಬಹಳ. ನಾನು ಹೇಳಿದ ಅಧ್ಯಯನಗಳು ಇಂಥವರ ಮೇಲೆ ನಡೆದುವಲ್ಲ. ಇವರಿಗೆ ಮೊದಲು ಬೇಕಾದದ್ದು ಕವಾಟದ ಚಿಕಿತ್ಸೆ, ಅಂದರೆ ಆ ಎರಡನೆಯ ಬಲೂನು. ರಕ್ತ ತೆಳು ಮಾಡಲು ಇವರಿಗೆ ಹಳೆಯ ವಾರ್ಫರಿನ್ ವರ್ಗದ ಮಾತ್ರೆಯೇ ಮೇಲು. ಏಷ್ಯಾ, ಆಫ್ರಿಕ, ಲ್ಯಾಟಿನ್ ಅಮೆರಿಕಗಳಲ್ಲಿ ನಾಲ್ಕೂವರೆ ಸಾವಿರ ಇಂಥ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಸ ಮಾತ್ರೆ ರಿವರಾಕ್ಸಬಾನ್ ಹಳೆಯದರ ಮುಂದೆ ಸೋತಿತು. ಹೊಸದೆಲ್ಲ ಎಲ್ಲರಿಗೂ ಮೇಲಲ್ಲ. ವಾರ್ಫರಿನ್ ಬಗೆಯ ಮಾತ್ರೆ ತೆಗೆದುಕೊಳ್ಳುವವರು ತಿಂಗಳಿಗೊಮ್ಮೆಯಾದರೂ ಐ.ಎನ್.ಆರ್. ರಕ್ತ ಪರೀಕ್ಷೆ ತಪ್ಪಿಸಬಾರದು.

ಈಗ ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಅವರಿಗೆ ಚಿಕಿತ್ಸೆ ಮಾಡಿಸಿದೆವು. ಚೆನ್ನಾಗಿಯೇ ಆಯಿತು. ಮಾರನೆಯ ದಿನ ಮನೆಗೆ ಹೋದರು. ಐದನೆಯ ವಾರ ಒಂದು ರಾತ್ರಿ ಮತ್ತೆ ಎದೆ ಡವಗುಟ್ಟಿತೆಂದು ದುಃಖದಿಂದ ಫೋನ್ ಮಾಡಿದರು. ಮೊದಲ ಎರಡು ಮೂರು ತಿಂಗಳು ಗಾಯ ಮಾಗುವ ಕಾಲ, ಆಗ ಬಂದದ್ದನ್ನು ಸೋಲೆಂದು ಲೆಕ್ಕ ಹಾಕಬಾರದು ಎಂದು ಧೈರ್ಯ ಹೇಳಿದೆ. ಹಾಗೆಯೇ ಆಯಿತು. ಆರನೆಯ ತಿಂಗಳಿಗೆ ಅವರು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಎರಡು ಸುತ್ತು ನಡೆಯುತ್ತಿದ್ದರು. ಎಂಟನೆಯ ತಿಂಗಳಲ್ಲಿ, ನಾಡಿ ಸರಿಯಾಗಿದೆ, ಇ.ಸಿ.ಜಿ. ಸರಿಯಾಗಿದೆ, ಇನ್ನು ಈ ಮಾತ್ರೆ ಯಾಕೆ ಎಂದು ತಾವೇ ತೀರ್ಮಾನಿಸಿ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿದರು. ಹನ್ನೊಂದು ದಿನ. ಹನ್ನೆರಡನೆಯ ದಿನ ಬೆಳಿಗ್ಗೆ ಕೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು. ಬಲಗೈ ಎತ್ತಲಾಗಲಿಲ್ಲ, ಮಾತು ತೊದಲಿತು. ಹತ್ತು ನಿಮಿಷದಲ್ಲಿ ಸರಿಹೋಯಿತು. ಅಷ್ಟರಲ್ಲಿ ಅವರ ಶ್ರೀಮತಿಯವರು ಪಕ್ಕದ ಮನೆಯ ಹುಡುಗನನ್ನು ಕರೆದು ಕಾರು ಹೊರಡಿಸಿದ್ದರು. ಸರಿಹೋಯಿತಲ್ಲ ಎಂದು ಮನೆಯಲ್ಲೇ ಕೂರದಿದ್ದುದು ಅವರ ಜಾಣತನ. ಇಂಥ ಹತ್ತು ನಿಮಿಷದ ಘಟನೆ ದೊಡ್ಡ ಲಕ್ವದ ಮುನ್ಸೂಚನೆಯಾಗಿರುತ್ತದೆ.

ಮಾತ್ರೆ ನಿಲ್ಲಿಸಿದ್ದರಿಂದಲೇ ಹಾಗಾಯಿತೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಮೊದಲ ದಿನವೇ ಅವರ ಪ್ರಶ್ನೆಗೆ ನೇರವಾಗಿ ಉತ್ತರ ಹೇಳದೆ ಮುಂದೂಡಿದ್ದು ನನ್ನ ತಪ್ಪು. ಆ ಉತ್ತರ ಇಷ್ಟೇ: ಬಲೂನು ತಾಳಕ್ಕೆ, ಮಾತ್ರೆ ಹೆಪ್ಪಿಗೆ. ಚಿಕಿತ್ಸೆಯಾದ ಮೇಲೆ ಎರಡು ಮೂರು ತಿಂಗಳಂತೂ ಎಲ್ಲರೂ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳಲೇಬೇಕು. ಅನಂತರ ಮುಂದುವರಿಸಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ನಾಡಿಯಲ್ಲ. ವಯಸ್ಸು 65 ದಾಟಿದೆಯೇ, ರಕ್ತದೊತ್ತಡ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಹಿಂದೆ ಲಕ್ವ ಅಥವಾ ಹೃದಯಾಘಾತ ಆಗಿತ್ತೇ, ಹೃದಯ ಸೋತಿದೆಯೇ, ಇವು ತೀರ್ಮಾನಿಸುತ್ತವೆ. ಮೇಷ್ಟ್ರಿಗೆ ಇವುಗಳಲ್ಲಿ ಮೂರು ಇದ್ದವು. 2025ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ 840 ರೋಗಿಗಳ ಅಧ್ಯಯನವೊಂದು, ಅಬ್ಲೇಶನ್ ಆಗಿ ವರ್ಷಕ್ಕೂ ಹೆಚ್ಚು ಕಾಲ ಎ.ಎಫ್. ಮರುಕಳಿಸದ ಆಯ್ದ ರೋಗಿಗಳಲ್ಲಿ ಮಾತ್ರೆ ನಿಲ್ಲಿಸಬಹುದೆಂದು ತೋರಿಸಿದೆ. ಸಂತೋಷದ ಸುದ್ದಿ. ಆದರೆ ಅದು ವೈದ್ಯರು ಅಳೆದು ತೂಗಿ ನಿಲ್ಲಿಸುವ ಮಾತು, ಮನೆಯಲ್ಲಿ ನಾಡಿ ಹಿಡಿದು ನಿಲ್ಲಿಸುವುದಲ್ಲ. ಇದರ ಬದಲು ಆಸ್ಪಿರಿನ್ ಸಾಕೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಎ.ಎಫ್.ನಲ್ಲಿ ಲಕ್ವ ತಡೆಯಲು ಆಸ್ಪಿರಿನ್ ತೀರ ದುರ್ಬಲವೆಂದು 2011ರಲ್ಲೇ ಸ್ಪಷ್ಟವಾಗಿದೆ.

ಅಪಾಯಗಳನ್ನು ಮುಚ್ಚಿಡಬಾರದು. ತೊಡೆಸಂದಿಯಲ್ಲಿ ರಕ್ತ ಕಟ್ಟಿ ಊದಿಕೊಳ್ಳುವುದು ಸಾಮಾನ್ಯ, ತಾನಾಗಿ ವಾಸಿಯಾಗುತ್ತದೆ. ವಪೆಯ ನರದ ವಿಷಯ ಹೇಳಿದೆ. ನೂರರಲ್ಲಿ ಒಬ್ಬರಿಗೆ ಹೃದಯದ ಸುತ್ತ ರಕ್ತ ಸೋರಬಹುದು, ಅದನ್ನು ಕೂಡಲೇ ತೆಗೆಯಬೇಕಾಗುತ್ತದೆ. ಚಿಕಿತ್ಸೆಯ ಹೊತ್ತಿನಲ್ಲೇ ಲಕ್ವವಾಗುವುದೂ ಉಂಟು, ಅಪರೂಪ. ತೀರ ಅಪರೂಪವಾದ, ಆದರೆ ಎಲ್ಲಕ್ಕಿಂತ ಭೀಕರವಾದ ಒಂದನ್ನು ಮಾತ್ರ ಮನೆಯವರೆಲ್ಲ ನೆನಪಿಡಬೇಕು. ಹೃತ್ಕರ್ಣದ ಬೆನ್ನಿಗೇ ಅನ್ನನಾಳವಿದೆ. ಚಿಕಿತ್ಸೆಯ ಪೆಟ್ಟು ಅಲ್ಲಿಗೂ ತಾಗಿ, ಕೆಲವು ವಾರಗಳ ಮೇಲೆ ಎರಡರ ನಡುವೆ ತೂತು ಬೀಳಬಹುದು. ಚಿಕಿತ್ಸೆಯಾಗಿ ಎರಡು ತಿಂಗಳೊಳಗೆ ಜ್ವರ, ಚಳಿ, ಎದೆನೋವು, ನುಂಗಲು ಕಷ್ಟ, ಕೈಕಾಲು ಸೋತಂತಾಗುವುದು, ಇವು ಕಂಡರೆ ಊರಿನಲ್ಲಿ ಜ್ವರದ ಇಂಜೆಕ್ಷನ್ ಹಾಕಿಸಿಕೊಂಡು ಮಲಗಬೇಡಿ. ಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಫೋನ್ ಮಾಡಿ, ಅಬ್ಲೇಶನ್ ಆಗಿದೆ ಎಂದು ಮೊದಲ ವಾಕ್ಯದಲ್ಲೇ ಹೇಳಿ. ಅವರು ಮೊದಲು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಬೇರೆ ಯಾರೂ ತಿಳಿಯದೆ ಎಂಡೋಸ್ಕೋಪಿ ಮಾಡಕೂಡದು.

ಬಲೂನಿಗೂ ಈಗ ಪ್ರತಿಸ್ಪರ್ಧಿ ಬಂದಿದೆ. ಬಿಸಿಯೂ ಅಲ್ಲದ ತಂಪೂ ಅಲ್ಲದ, ಕ್ಷಣಮಾತ್ರದ ವಿದ್ಯುತ್ ಮಿಡಿತದಿಂದ ಹೃದಯದ ಜೀವಕೋಶಗಳನ್ನಷ್ಟೇ ಗುರಿಯಿಡುವ ಪಲ್ಸ್ಡ್ ಫೀಲ್ಡ್ ವಿಧಾನಕ್ಕೆ ಅಮೆರಿಕದಲ್ಲಿ 2023ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು. 2025ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಅದು ತಣ್ಣನೆಯ ಬಲೂನಿಗಿಂತ ಸ್ವಲ್ಪ ಮೇಲೆಂದೇ ಕಂಡಿತು. ಹಾಗೆಂದು ಹತ್ತಿರದಲ್ಲಿ ಬಲೂನಿನಲ್ಲಿ ನುರಿತವರು ಇರುವಾಗ ಹೊಸದಕ್ಕಾಗಿ ವರ್ಷಗಟ್ಟಲೆ ಕಾಯುತ್ತಾ ಕೂರುವುದು ನನಗೆ ಸರಿ ತೋರದು. ಕಾಯುವಷ್ಟು ಕಾಲ ಕಾಯಿಲೆ ಬಲಿಯುತ್ತಿರುತ್ತದೆ.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮುನ್ನ ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ನನ್ನದು ಬಂದು ಹೋಗುವ ಎ.ಎಫ್. ಏನು, ನೆಲೆಯೂರಿದ್ದೇ? ಕವಾಟ ಹೇಗಿದೆ? ಥೈರಾಯ್ಡ್ ಪರೀಕ್ಷೆ ಆಗಿದೆಯೇ? ನೀವು ಇಂಥವನ್ನು ಎಷ್ಟು ಮಾಡಿದ್ದೀರಿ? ಮತ್ತೊಮ್ಮೆ ಮಾಡಬೇಕಾಗಿ ಬಂದರೆ ಖರ್ಚು ಏನು? ಬಲೂನು ಒಂದು ಬಾರಿ ಬಳಸಿ ಬಿಸಾಡುವ ವಸ್ತು, ಬೆಲೆ ಹೆಚ್ಚು. ವಿಮೆ ಇದ್ದವರು ಬಲೂನಿನ ಬೆಲೆಯೂ ಸೇರಿದೆಯೇ ಎಂದು ಮೊದಲೇ ಬರಹದಲ್ಲಿ ಪಡೆಯಿರಿ. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟುವವರು, ಮೈ ತೂಕ ಹೆಚ್ಚಿರುವವರು ಅದನ್ನೂ ಹೇಳಿ, ಅವನ್ನು ಸರಿಪಡಿಸದಿದ್ದರೆ ಬಲೂನಿನ ಕೆಲಸ ಅರ್ಧ ನೀರಿಗೆ ಹೋದಂತೆ. ಮದ್ಯಪಾನ ಮಾಡುವವರಿಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ 140 ಎ.ಎಫ್. ರೋಗಿಗಳಲ್ಲಿ ಅರ್ಧ ಜನರಿಗೆ ಮದ್ಯ ಬಿಡಿಸಿ ನೋಡಿದರು. 2020ರಲ್ಲಿ ಬಂದ ವರದಿಯಂತೆ, ಬಿಟ್ಟವರಲ್ಲಿ ನೂರಕ್ಕೆ 53, ಬಿಡದವರಲ್ಲಿ 73 ಮಂದಿಗೆ ಮರುಕಳಿಸಿತು. ಈ ಚಿಕಿತ್ಸೆಗೆ ಖರ್ಚೇ ಇಲ್ಲ, ಉಳಿತಾಯ.

ಮೇಷ್ಟ್ರು ಈಗಲೂ ಆರು ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಬಾರಿ ಬಂದಾಗ, "ಮಾತ್ರೆ ತಪ್ಪಿಸುತ್ತಿಲ್ಲ ತಾನೇ ಮೇಷ್ಟ್ರೇ?" ಎಂದು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಶ್ರೀಮತಿಯವರು, "ಡಬ್ಬಿ ನನ್ನ ಹತ್ತಿರ ಇದೆ ಡಾಕ್ಟ್ರೇ. ಬೆಳಿಗ್ಗೆ ಮಾತ್ರೆ ನುಂಗದೆ ಇವರಿಗೆ ಕಾಫಿ ಇಲ್ಲ" ಎಂದರು.